ಎಚ್-ಸೂಚ್ಯಂಕ, ಉಲ್ಲೇಖಗಳ ಲೆಕ್ಕ, ಶೇ. 2ರ ಪಟ್ಟಿ: ನಿಮ್ಮ ಅಂಕಿಗಳನ್ನು ನೀವೇ ಪರೀಕ್ಷಿಸಿಕೊಳ್ಳುವುದು ಹೇಗೆ?

ಸೆಪ್ಟೆಂಬರ್ ಬಂತೆಂದರೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಸಾಲುಸಾಲಾಗಿ ಕಾಣಿಸಿಕೊಳ್ಳುತ್ತದೆ. ಇಂಥ ಕಾಲೇಜಿನ ಇಂಥ ಪ್ರಾಧ್ಯಾಪಕರು ವಿಶ್ವದ ಶೇ. 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ ಎಂಬ ಸುದ್ದಿ ಅದು. ಮರುದಿನದಿಂದಲೇ ಪ್ರಶ್ನೆಗಳೂ ಬರತೊಡಗುತ್ತವೆ. ಈ ಪಟ್ಟಿ ಎಲ್ಲಿ ಸಿಗುತ್ತದೆ? ನನ್ನ ಹೆಸರು ಅದರಲ್ಲಿ ಇದೆಯೇ ಎಂದು ನೋಡುವುದು ಹೇಗೆ? ಗೂಗಲ್ ಸ್ಕಾಲರ್ ನನ್ನ ಎಚ್-ಸೂಚ್ಯಂಕ 14 ಎನ್ನುತ್ತದೆ, ಸ್ಕೋಪಸ್ 8 ಎನ್ನುತ್ತದೆ, ಬಡ್ತಿಯ ಅರ್ಜಿಯಲ್ಲಿ ಯಾವುದನ್ನು ಬರೆಯಲಿ?

ಈ ಮೂರಕ್ಕೂ ಉತ್ತರ ಕೊಡುವ ಮಾರ್ಗದರ್ಶಿ ಇದು. ಆರಂಭಕ್ಕೂ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಂಶೋಧಕರ ಬಗ್ಗೆ ಯಾರಾದರೂ ಒಂದು ಅಂಕಿ ಹೇಳಿದರೆ ನಾಲ್ಕು ಪ್ರಶ್ನೆ ಕೇಳಬೇಕು: ಯಾವ ದತ್ತಸಂಚಯದ ಲೆಕ್ಕ? ಯಾವ ಕ್ಷೇತ್ರದವರು? ಯಾವ ಅವಧಿಯದು? ಸ್ವಯಂ ಉಲ್ಲೇಖ ಸೇರಿದೆಯೇ, ಬಿಟ್ಟಿದೆಯೇ? ಈ ನಾಲ್ಕಕ್ಕೆ ಉತ್ತರವಿಲ್ಲದ ಅಂಕಿಯನ್ನು ಯಾರ ಮೇಲೂ ಪ್ರಯೋಗಿಸಬಾರದು ಎಂಬುದು ನನ್ನ ಖಚಿತ ನಿಲುವು. ಇದರಿಂದ ಜನರ ನೇಮಕ, ಬಡ್ತಿ, ಅನುದಾನ ನಿರ್ಧಾರವಾಗುತ್ತದೆ.

ಮೊದಲು ಕೆಲವು ಪದಗಳು

ಉಲ್ಲೇಖ ಎಂದರೆ ಒಂದು ಸಂಶೋಧನಾ ಪ್ರಬಂಧವು ತನ್ನ ಆಕರಗಳ ಪಟ್ಟಿಯಲ್ಲಿ ಇನ್ನೊಂದು ಪ್ರಬಂಧವನ್ನು ಹೆಸರಿಸುವುದು. ಹತ್ತು ಪ್ರಬಂಧಗಳು ನಿಮ್ಮ ಪ್ರಬಂಧವನ್ನು ಹೆಸರಿಸಿದರೆ ಅದಕ್ಕೆ ಹತ್ತು ಉಲ್ಲೇಖಗಳು. ನಿಮ್ಮ ಪ್ರಬಂಧವನ್ನು ನೀವೇ ಹೆಸರಿಸಿದರೆ ಅದು ಸ್ವಯಂ ಉಲ್ಲೇಖ. ಎಚ್-ಸೂಚ್ಯಂಕ ಈ ಉಲ್ಲೇಖಗಳಿಂದ ಹುಟ್ಟುವ ಅಳತೆ: ಅದು 8 ಎಂದರೆ ನಿಮ್ಮ ಎಂಟು ಪ್ರಬಂಧಗಳಿಗೆ ತಲಾ ಎಂಟಾದರೂ ಉಲ್ಲೇಖಗಳು ಬಂದಿವೆ ಎಂದರ್ಥ. ಯಾರು ಯಾರನ್ನು ಹೆಸರಿಸಿದ್ದಾರೆ ಎಂಬುದನ್ನೇ ಸೂಚಿಯಾಗಿ ಕಟ್ಟುವ ಯೋಚನೆಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟರು. ಪ್ರಬಂಧಗಳನ್ನು ಹುಡುಕಲು ನೆರವಾಗಲಿ ಎಂಬುದು ಅವರ ಮೊದಲ ಉದ್ದೇಶ. ಮನುಷ್ಯರನ್ನು ಸಾಲಾಗಿ ನಿಲ್ಲಿಸುವ ಬಳಕೆ ಬೆಳೆದದ್ದು ಆಮೇಲೆ.

ದತ್ತಸಂಚಯ ಎಂದರೆ ಪ್ರಬಂಧಗಳನ್ನೂ ಅವುಗಳ ಉಲ್ಲೇಖಗಳನ್ನೂ ಒಂದೆಡೆ ಕೂಡಿಟ್ಟ ಭಂಡಾರ. ಮುಖ್ಯವಾದವು ಮೂರು. ಗಾರ್ಫೀಲ್ಡರ ಸೂಚಿಯಿಂದ ಬೆಳೆದ ವೆಬ್ ಆಫ್ ಸೈನ್ಸ್ ಈಗ ಕ್ಲಾರಿವೇಟ್ ಕಂಪನಿಯ ಕೈಯಲ್ಲಿದೆ. ಸ್ಕೋಪಸ್ ಎಲ್ಸೆವಿಯರ್ ಪ್ರಕಾಶನ ಸಂಸ್ಥೆಯದು. ಮೂರನೆಯದು ಗೂಗಲ್ ಸ್ಕಾಲರ್. ಕೊನೆಯ ಎರಡೂ ಆರಂಭವಾದದ್ದು 2004ರಲ್ಲಿ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ನೀವು ಈವರೆಗೆ ಪ್ರಕಟಿಸಿದ ಎಲ್ಲ ಪ್ರಬಂಧಗಳ ಪೂರ್ಣ ಪಟ್ಟಿ, ಸಂಸ್ಥೆಯ ಇಮೇಲ್ ವಿಳಾಸ, ಎಕ್ಸೆಲ್ ತೆರೆಯಬಲ್ಲ ಕಂಪ್ಯೂಟರ್ ಮತ್ತು ಬಿಡುವಾದ ಒಂದು ಮಧ್ಯಾಹ್ನ.

1. ಹೆಸರನ್ನು ಒಂದುಗೂಡಿಸಿ

ಬಹುಮಂದಿ ಬಿಟ್ಟುಬಿಡುವ ಹಂತ ಇದು. ನಮ್ಮ ಕಡೆಯವರಿಗೆ ಹೆಚ್ಚು ನಷ್ಟವಾಗುವುದೂ ಇಲ್ಲಿಯೇ.

ದತ್ತಸಂಚಯಗಳು ಹೆಸರಿನ ಕೊನೆಯ ಪದವನ್ನು ಮನೆತನದ ಹೆಸರೆಂದು ಭಾವಿಸುತ್ತವೆ. ಹಳೆ ಮೈಸೂರಿನ ಕಡೆ ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಕೊನೆಗೆ ಸ್ವಂತ ಹೆಸರು ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಹೀಗಾಗಿ ಮಂಜುನಾಥ ಎಂಬ ಹೆಸರಿನವರು ಒಂದು ಜರ್ನಲಿನಲ್ಲಿ ಎರಡು ಇನಿಷಿಯಲ್‌ಗಳ ಮಂಜುನಾಥರಾಗುತ್ತಾರೆ, ಇನ್ನೊಂದರಲ್ಲಿ ಒಂದೇ ಇನಿಷಿಯಲ್ ಉಳಿಯುತ್ತದೆ, ಮೂರನೆಯದರಲ್ಲಿ ಇನಿಷಿಯಲ್ಲೇ ಮನೆತನದ ಹೆಸರಾಗಿ, ಮಂಜುನಾಥ ಎಂಬುದು ಒಂದು ಅಕ್ಷರಕ್ಕೆ ಕುಗ್ಗುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ ‘ಎ’ ಒಮ್ಮೆ ಇದ್ದು ಒಮ್ಮೆ ಇಲ್ಲದಿದ್ದರೂ ಸಾಕು, ಯಂತ್ರಕ್ಕೆ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಮದುವೆಯ ನಂತರ ಹೆಸರು ಬದಲಿಸಿದ ಮಹಿಳೆಯರ ಪಾಡಂತೂ ಇನ್ನೂ ಕಷ್ಟದ್ದು: ಹತ್ತು ವರ್ಷದ ಕೆಲಸ ಒಂದು ಹೆಸರಿನಲ್ಲಿ, ಮುಂದಿನದು ಮತ್ತೊಂದು ಹೆಸರಿನಲ್ಲಿ. ಅದೇ ಹೆಸರಿನ ಬೇರೆಯವರ ಪ್ರಬಂಧಗಳು ನಿಮ್ಮ ಖಾತೆಗೆ ಬಂದು ಸೇರುವ ಅಪಾಯವೂ ಇದೆ.

ಇದಕ್ಕೆ ಪರಿಹಾರ ಆರ್ಕಿಡ್ ಸಂಖ್ಯೆ. 2012ರಿಂದ ಲಭ್ಯವಿರುವ ಈ 16 ಅಂಕಿಗಳ ಗುರುತು ಸಂಶೋಧಕರಿಗೆ ಉಚಿತ. ಹೆಸರು, ಊರು, ಸಂಸ್ಥೆ ಬದಲಾದರೂ ಅದು ಬದಲಾಗುವುದಿಲ್ಲ. ಖಾತೆ ತೆರೆದು, ನೀವು ಬಳಸಿದ ಎಲ್ಲ ಹೆಸರಿನ ರೂಪಗಳನ್ನೂ ಅಲ್ಲಿ ದಾಖಲಿಸಿ, ಪ್ರಬಂಧಗಳನ್ನು ಸೇರಿಸಿ. ಇನ್ನು ಮುಂದೆ ಪ್ರಬಂಧ ಕಳುಹಿಸುವಾಗಲೆಲ್ಲ ಈ ಸಂಖ್ಯೆಯನ್ನು ಕೊಡಿ, ಇಂಗ್ಲಿಷಿನಲ್ಲಿ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಿ. ಸಂಸ್ಥೆಯ ಹೆಸರಿಗೂ ಇದೇ ಎಚ್ಚರ ಬೇಕು. 2014ರಲ್ಲಿ ನಮ್ಮ ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದ ಮೇಲೆ ಒಂದೇ ಸಂಸ್ಥೆ ಬ್ಯಾಂಗಲೋರ್ ಎಂದೂ ಬೆಂಗಳೂರು ಎಂದೂ, ಮೈಸೂರ್ ಎಂದೂ ಮೈಸೂರು ಎಂದೂ ಎರಡು ಬಗೆಯಲ್ಲಿ ಅಚ್ಚಾಗುತ್ತಿದೆ.

2. ಗೂಗಲ್ ಸ್ಕಾಲರ್ ಪ್ರೊಫೈಲನ್ನು ಶುಚಿಗೊಳಿಸಿ

ಜಿಮೇಲ್ ಖಾತೆಯಿಂದ ಪ್ರೊಫೈಲ್ ತೆರೆದು, ಸಂಸ್ಥೆಯ ಇಮೇಲ್ ಕೊಟ್ಟು ದೃಢೀಕರಿಸಿ. ಹೊಸ ಪ್ರಬಂಧಗಳನ್ನು ತಾನಾಗಿಯೇ ಸೇರಿಸಲೇ, ನಿಮ್ಮನ್ನು ಕೇಳಿ ಸೇರಿಸಲೇ ಎಂದು ಅದು ಆಯ್ಕೆ ಕೊಡುತ್ತದೆ. ಎರಡನೆಯದನ್ನೇ ಆರಿಸಿ. ಮೊದಲನೆಯದನ್ನು ಆರಿಸಿದರೆ ನಿಮ್ಮ ಹೆಸರಿನವರೇ ಆದ ಮತ್ತೊಬ್ಬರು ಬರೆದದ್ದೆಲ್ಲ ನಿಮ್ಮ ಪಟ್ಟಿಗೆ ಬಂದು ಕೂರಬಹುದು. ಅರ್ಜಿ ಪರಿಶೀಲಿಸುವವರು ಅದನ್ನು ಕಂಡರೆ ಅವರಿಗೆ ಕಾಣುವುದು ನಿಮ್ಮ ಅಜಾಗರೂಕತೆ ಅಲ್ಲ, ವಂಚನೆ.

ಈಗಾಗಲೇ ಇರುವ ಪಟ್ಟಿಯನ್ನು ಸಾಲು ಸಾಲಾಗಿ ಓದಿ. ನಿಮ್ಮದಲ್ಲದ್ದನ್ನು ಅಳಿಸಿ. ಒಂದೇ ಪ್ರಬಂಧ ಎರಡು ಬಾರಿ ಬಂದಿದ್ದರೆ ವಿಲೀನಗೊಳಿಸಿ.

ಸ್ಕಾಲರಿನ ಅಂಕಿ ಉಳಿದ ಎರಡಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಪಿಎಚ್.ಡಿ. ಮಹಾಪ್ರಬಂಧ, ಪುಸ್ತಕ, ಸಮ್ಮೇಳನದ ಬರಹ, ಇನ್ನೂ ವಿಮರ್ಶೆಗೆ ಒಳಗಾಗದ ಕರಡು ಎಲ್ಲವನ್ನೂ ಅದು ಎಣಿಸುತ್ತದೆ. ಇದರಿಂದ ಮಾನವಿಕ ವಿಷಯದವರಿಗೆ ಅನುಕೂಲವೇ ಆಗುತ್ತದೆ, ಅವರ ಪುಸ್ತಕಗಳು ಸ್ವಲ್ಪವಾದರೂ ಲೆಕ್ಕಕ್ಕೆ ಸಿಗುತ್ತವೆ. ಆದರೆ ಬಾಗಿಲು ತೆರೆದಿದ್ದರೆ ಕಸವೂ ಒಳಗೆ ಬರುತ್ತದೆ. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ ಇದನ್ನು ಸಾಬೀತುಪಡಿಸಲೆಂದೇ ಐಕ್ ಆಂಟ್‌ಕೇರ್ ಎಂಬ ಕಾಲ್ಪನಿಕ ಸಂಶೋಧಕನನ್ನು ಸೃಷ್ಟಿಸಿದರು. ಯಂತ್ರ ಹೆಣೆದ, ಅರ್ಥವಿಲ್ಲದ ನೂರರಷ್ಟು ಪ್ರಬಂಧಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿದರು. ಹುಟ್ಟಿಯೇ ಇಲ್ಲದ ಆ ವ್ಯಕ್ತಿಯ ಎಚ್-ಸೂಚ್ಯಂಕ 94ಕ್ಕೆ ಏರಿತು.

3. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ನೋಡಿ

ಸಂಸ್ಥೆಗೆ ಚಂದಾ ಇಲ್ಲದಿದ್ದರೂ ಚಿಂತೆಯಿಲ್ಲ. ಸ್ಕೋಪಸ್ಸಿನಲ್ಲಿ ಲೇಖಕರನ್ನು ಹುಡುಕುವ ಉಚಿತ ಪುಟವಿದೆ. ಕೊನೆಯ ಹೆಸರು, ಮೊದಲ ಹೆಸರು, ಸಂಸ್ಥೆ ಕೊಟ್ಟು ಹುಡುಕಿ. ಹೆಸರಿನ ಭಾಗಗಳನ್ನು ತಿರುವುಮುರುವು ಮಾಡಿ ಮತ್ತೊಮ್ಮೆ ಹುಡುಕಿ. ನಿಮ್ಮ ಹೆಸರಿನಲ್ಲಿ ಎರಡು ಮೂರು ಪ್ರೊಫೈಲ್‌ಗಳು ಕಾಣಿಸಿದರೆ ಆಶ್ಚರ್ಯಪಡಬೇಡಿ. ಅವುಗಳನ್ನು ಒಂದುಗೂಡಿಸಲು, ತಪ್ಪು ಪ್ರಬಂಧವನ್ನು ತೆಗೆಸಲು ಅಲ್ಲಿಂದಲೇ ಮನವಿ ಸಲ್ಲಿಸಬಹುದು. ತಿದ್ದುಪಡಿ ಮರುದಿನವೇ ಆಗುವುದಿಲ್ಲ, ಆದ್ದರಿಂದ ಅರ್ಜಿಯ ಕೊನೆಯ ದಿನದವರೆಗೆ ಕಾಯಬೇಡಿ. ವೆಬ್ ಆಫ್ ಸೈನ್ಸ್‌ನಲ್ಲಿಯೂ ಉಚಿತ ಪ್ರೊಫೈಲ್ ಮಾಡಿಕೊಂಡು ಇದೇ ಕೆಲಸ ಮಾಡಿ.

ಈ ಎರಡೂ ಆಯ್ದ ಜರ್ನಲುಗಳನ್ನು ಮಾತ್ರ ಎಣಿಸುತ್ತವೆ, ಹೆಚ್ಚಿನವು ಇಂಗ್ಲಿಷಿನವು. ಕನ್ನಡದಲ್ಲಿ ಬರೆದ ಶಾಸನಾಧ್ಯಯನ, ಜಾನಪದ, ಭಾಷಾವಿಜ್ಞಾನ, ಸ್ಥಳೀಯ ಇತಿಹಾಸದ ಸಂಶೋಧನೆ ಅಲ್ಲಿ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಒಂದು ತಾಲ್ಲೂಕಿನ ಶಾಸನಗಳನ್ನೆಲ್ಲ ಬಿಸಿಲಲ್ಲಿ ಓಡಾಡಿ ಓದಿ ದಾಖಲಿಸಿದವರ ಸ್ಕೋಪಸ್ ಅಂಕಿ ಸೊನ್ನೆ ಇರಬಹುದು. ಆ ಸೊನ್ನೆ ದತ್ತಸಂಚಯದ ಮಿತಿ, ವಿದ್ವತ್ತಿನ ಮಿತಿ ಅಲ್ಲ. ನೀವು ಆಯ್ಕೆ ಸಮಿತಿಯಲ್ಲಿ ಕುಳಿತಿದ್ದರೆ ದಯವಿಟ್ಟು ಇದನ್ನು ಮರೆಯಬೇಡಿ.

4. ಎಚ್-ಸೂಚ್ಯಂಕವನ್ನು ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ

ಯಂತ್ರ ಕೊಡುತ್ತದಲ್ಲ, ನಾನೇಕೆ ಲೆಕ್ಕ ಹಾಕಬೇಕು ಎನ್ನಬೇಡಿ. ಒಮ್ಮೆ ಮಾಡಿದರೆ ಈ ಅಳತೆ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂಬುದು ಜನ್ಮಪೂರ್ತಿ ನೆನಪಿರುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಭೌತವಿಜ್ಞಾನಿ ಜಾರ್ಜ್ ಹರ್ಷ್ 2005ರಲ್ಲಿ ಮುಂದಿಟ್ಟ ಅಳತೆ ಇದು. ಪ್ರಬಂಧಗಳನ್ನು ಉಲ್ಲೇಖಗಳ ಇಳಿಕೆ ಕ್ರಮದಲ್ಲಿ ಬರೆಯಿರಿ. ಕ್ರಮಸಂಖ್ಯೆಗಿಂತ ಉಲ್ಲೇಖ ಕಡಿಮೆಯಾಗುವವರೆಗೆ ಕೆಳಗಿಳಿಯಿರಿ. ಅದಕ್ಕೆ ಹಿಂದಿನ ಕ್ರಮಸಂಖ್ಯೆಯೇ ಎಚ್. ಏಳು ಪ್ರಬಂಧಗಳಿಗೆ ಕ್ರಮವಾಗಿ 48, 31, 12, 9, 6, 5, 1 ಉಲ್ಲೇಖಗಳಿವೆ ಎನ್ನೋಣ. ಐದನೆಯದಕ್ಕೆ 6 ಇವೆ, ಐದಕ್ಕಿಂತ ಕಡಿಮೆಯಲ್ಲ. ಆರನೆಯದಕ್ಕೆ 5 ಮಾತ್ರ, ಆರಕ್ಕಿಂತ ಕಡಿಮೆ. ಆದ್ದರಿಂದ ಎಚ್ 5. ಸ್ಕಾಲರ್ ತೋರಿಸುವ ಐ10 ಇನ್ನೂ ಸರಳ: ಹತ್ತು ಅಥವಾ ಹೆಚ್ಚು ಉಲ್ಲೇಖ ಪಡೆದ ಪ್ರಬಂಧಗಳ ಸಂಖ್ಯೆ. ಇಲ್ಲಿ ಅದು 3.

ಈಗ ಮೊದಲ ಪ್ರಬಂಧದ 48ನ್ನು ಅಳಿಸಿ 4,800 ಎಂದು ಬರೆಯಿರಿ. ಎಚ್ ಎಷ್ಟಾಯಿತು? ಐದೇ. ಒಂದು ಕ್ಷೇತ್ರದ ದಿಕ್ಕನ್ನೇ ಬದಲಿಸಿದ ಪ್ರಬಂಧಕ್ಕೂ ಸಾಧಾರಣ ಪ್ರಬಂಧಕ್ಕೂ ಎಚ್ ವ್ಯತ್ಯಾಸ ಕಾಣುವುದಿಲ್ಲ. ತಮ್ಮ ಹೆಸರಿನ ಕಣದ ಸಿದ್ಧಾಂತಕ್ಕೆ 2013ರಲ್ಲಿ ನೊಬೆಲ್ ಪಡೆದ ಪೀಟರ್ ಹಿಗ್ಸ್ ಬಹಳ ಕಡಿಮೆ ಪ್ರಬಂಧ ಬರೆದವರು. ಇಂದಿನ ವ್ಯವಸ್ಥೆಯಲ್ಲಿ ತಮಗೆ ಕೆಲಸವೇ ಸಿಗುತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದರು.

ಇನ್ನೆರಡು ಕುರುಡುಗಳೂ ಇವೆ. ಎಚ್ ಕಾಲದೊಂದಿಗೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಬರೆಯುವುದನ್ನು ನಿಲ್ಲಿಸಿದವರದೂ ಏರುತ್ತಿರಬಹುದು. ಜೊತೆಗೆ ಒಬ್ಬರೇ ಬರೆದರೂ ಸಾವಿರ ಜನ ಬರೆದರೂ ಪ್ರತಿಯೊಬ್ಬರಿಗೂ ಪೂರ್ತಿ ಪಾಲು. ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತ 2015ರ ಒಂದು ಪ್ರಬಂಧಕ್ಕೆ 5,154 ಲೇಖಕರಿದ್ದಾರೆ. ಅದರ ಉಲ್ಲೇಖಗಳೆಲ್ಲ ಅಷ್ಟೂ ಜನರ ಖಾತೆಗೆ ಹೋಗುತ್ತವೆ.

5. ಸರಿಯಾದವರ ಪಕ್ಕದಲ್ಲಿಟ್ಟು ಹೋಲಿಸಿ

ಗಣಿತಜ್ಞರ ಪ್ರಬಂಧದಲ್ಲಿ ಆಕರಗಳ ಪಟ್ಟಿ ಚಿಕ್ಕದು, ಬರೆಯುವವರೂ ಕಡಿಮೆ. ವೈದ್ಯಕೀಯದಲ್ಲಿ ಎರಡೂ ದೊಡ್ಡವು. ಹಾಗಾಗಿ ಗಣಿತದವರ 10ನ್ನು ಔಷಧ ವಿಜ್ಞಾನದವರ 30ರ ಪಕ್ಕದಲ್ಲಿಟ್ಟು ಯಾರು ದೊಡ್ಡವರು ಎಂದು ಕೇಳುವುದು ರಾಗಿಯನ್ನೂ ಕುಂಬಳಕಾಯಿಯನ್ನೂ ಎಣಿಸಿ ಹೋಲಿಸಿದಂತೆ. ಹೋಲಿಕೆ ಮಾಡಲೇಬೇಕಾದರೆ ಒಂದೇ ಕ್ಷೇತ್ರದ, ಒಂದೇ ಉಪಕ್ಷೇತ್ರದ, ಸುಮಾರು ಒಂದೇ ವರ್ಷ ಸಂಶೋಧನೆ ಆರಂಭಿಸಿದವರೊಂದಿಗೆ ಮಾಡಿ.

ಸಂಶೋಧನೆಯ ವಯಸ್ಸನ್ನು ಸರಿದೂಗಿಸಲು ಹರ್ಷ್ ಒಂದು ಸುಲಭ ಭಾಗಾಕಾರ ಕೊಟ್ಟಿದ್ದರು: ಎಚ್ ಅನ್ನು ಮೊದಲ ಪ್ರಬಂಧದಿಂದ ಇಲ್ಲಿಯವರೆಗಿನ ವರ್ಷಗಳಿಂದ ಭಾಗಿಸಿ. 20 ವರ್ಷಕ್ಕೆ ಎಚ್ 20 ಇದ್ದರೆ ಯಶಸ್ವಿ ವಿಜ್ಞಾನಿ, 40 ಇದ್ದರೆ ಅಸಾಧಾರಣ ಎಂದು ಅವರು ಬರೆದರು. ಅದು ಭೌತವಿಜ್ಞಾನಕ್ಕೆ ಹೇಳಿದ ಮಾತು, ಬೇರೆ ಕ್ಷೇತ್ರಗಳಲ್ಲಿ ಅಂಕಿಗಳು ಬೇರೆ ಎಂದೂ ಅವರೇ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಬಿಟ್ಟು ಅಂಕಿಯನ್ನು ಮಾತ್ರ ಎತ್ತಿಕೊಂಡವರೇ ಹೆಚ್ಚು.

ಪ್ರಬಂಧದ ಬಗೆಯೂ ಮುಖ್ಯ. ಹೊಸ ವಿಧಾನ ಹೇಳುವ ಪ್ರಬಂಧ, ಕ್ಷೇತ್ರದ ಕೆಲಸವನ್ನೆಲ್ಲ ಪರಾಮರ್ಶಿಸುವ ಪ್ರಬಂಧ ಇವುಗಳಿಗೆ ಉಲ್ಲೇಖ ಧಾರಾಳವಾಗಿ ಬರುತ್ತದೆ. ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆಯುವ ವಿಧಾನವನ್ನು ವಿವರಿಸಿದ, ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧಕ್ಕೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದು ಜರ್ನಲಿನ ಅಂಕಿ, ನಿಮ್ಮದಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಆ ಜರ್ನಲ್ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ಬಂದ ಉಲ್ಲೇಖಗಳ ಸರಾಸರಿ ಅದು. ಕೆಲವೇ ಪ್ರಬಂಧಗಳು ಆ ಸರಾಸರಿಯನ್ನು ಎತ್ತಿ ಹಿಡಿದಿರುತ್ತವೆ. ಯುಜಿಸಿಯ 2018ರ ನಿಯಮಾವಳಿಯ ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿರುವುದರಿಂದ ಅರ್ಜಿಯಲ್ಲಿ ಕೇಳಿದರೆ ಬರೆಯಿರಿ. ಆದರೆ ನಿಮ್ಮ ಎಲ್ಲ ಪ್ರಬಂಧಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡಿಸಿ ‘ಒಟ್ಟು’ ಎಂದು ಬರೆಯಬೇಡಿ. ಹಾಗೆ ಕೂಡಿದ ಮೊತ್ತಕ್ಕೆ ಯಾವ ಅರ್ಥವೂ ಇಲ್ಲ.

6. ಶೇ. 2ರ ಪಟ್ಟಿಯನ್ನು ನೇರವಾಗಿ ತೆರೆದು ನೋಡಿ

ಸ್ಟ್ಯಾನ್‌ಫೋರ್ಡ್ ಪಟ್ಟಿ ಎಂದೇ ಹೆಸರಾಗಿದ್ದರೂ ಇದು ಆ ವಿಶ್ವವಿದ್ಯಾಲಯ ಕೊಡುವ ಪ್ರಶಸ್ತಿಯಲ್ಲ. ಅಲ್ಲಿನ ಪ್ರಾಧ್ಯಾಪಕ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಬಂಧವೊಂದರ ಮೂಲಕ ಪ್ರಕಟಿಸಿ, ನಂತರ ನವೀಕರಿಸುತ್ತ ಬಂದಿರುವ ದತ್ತಾಂಶ ಇದು. ಆಧಾರ ಸ್ಕೋಪಸ್. ಅರ್ಜಿ ಹಾಕುವಂತಿಲ್ಲ, ಶುಲ್ಕವಿಲ್ಲ.

ಎಲ್ಸೆವಿಯರ್ ಸಂಸ್ಥೆಯ ದತ್ತಾಂಶ ಭಂಡಾರದಲ್ಲಿ ಅಯೋನಿಡಿಸ್ ಹೆಸರಿನಿಂದ ಹುಡುಕಿದರೆ ಎಕ್ಸೆಲ್ ಕಡತಗಳು ಸಿಗುತ್ತವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇತ್ತೀಚಿನ ಆವೃತ್ತಿಯನ್ನೇ ಆರಿಸಿ. ಅಲ್ಲಿ ಎರಡು ಬೇರೆ ಪಟ್ಟಿಗಳಿವೆ, ಪತ್ರಿಕಾ ಪ್ರಕಟಣೆಗಳು ಎಡವುವುದು ಇಲ್ಲಿಯೇ. ಒಂದು ಇಡೀ ವೃತ್ತಿಜೀವನದ ಪಟ್ಟಿ, ಇನ್ನೊಂದು ಒಂದೇ ವರ್ಷದಲ್ಲಿ ಬಂದ ಉಲ್ಲೇಖಗಳ ಪಟ್ಟಿ. ಒಂದೊಂದರಲ್ಲೂ ಎರಡು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ, ಆದ್ದರಿಂದ ಕಡತ ತೆರೆಯಲು ಸಮಯ ಹಿಡಿಯುತ್ತದೆ. ನಿಮ್ಮ ಹೆಸರು ಯಾವುದರಲ್ಲಿದೆ ಎಂದು ನೋಡಿ ಅದನ್ನೇ ಹೇಳಿ.

ಸ್ಥಾನ ನಿರ್ಧಾರವಾಗುವುದು ಸಿ-ಸ್ಕೋರ್ ಎಂಬ ಸಂಯುಕ್ತ ಅಂಕಿಯಿಂದ. ಅದರಲ್ಲಿ ಆರು ಅಂಶಗಳಿವೆ: ಒಟ್ಟು ಉಲ್ಲೇಖಗಳು, ಎಚ್, ಸಹಲೇಖಕರ ಸಂಖ್ಯೆಗೆ ತಕ್ಕಂತೆ ಹಂಚಿದ ಎಚ್, ಒಬ್ಬರೇ ಬರೆದ ಪ್ರಬಂಧಗಳಿಗೆ ಬಂದ ಉಲ್ಲೇಖಗಳು, ಒಬ್ಬರೇ ಅಥವಾ ಮೊದಲ ಲೇಖಕರಾಗಿ ಬರೆದವಕ್ಕೆ ಬಂದವು, ಒಬ್ಬರೇ, ಮೊದಲ ಅಥವಾ ಕೊನೆಯ ಲೇಖಕರಾಗಿ ಬರೆದವಕ್ಕೆ ಬಂದವು. ಪ್ರತಿಯೊಂದರ ಲಾಗರಿದಮ್ ತೆಗೆದು, ಆ ಅಂಶದಲ್ಲಿ ಅತಿ ಹೆಚ್ಚು ಪಡೆದವರ ಲಾಗರಿದಮ್‌ನಿಂದ ಭಾಗಿಸಿ, ಆರನ್ನೂ ಕೂಡಿಸುತ್ತಾರೆ. ಲಾಗರಿದಮ್ ಎಂದರೆ ಏರಿಕೆಯನ್ನು ಪಟ್ಟುಗಳಲ್ಲಿ ಅಳೆಯುವ ಗಣಿತ: 100ರಿಂದ 1,000ಕ್ಕೆ ಏರಿದರೂ 1,000ದಿಂದ 10,000ಕ್ಕೆ ಏರಿದರೂ ಹತ್ತು ಪಟ್ಟೇ, ಸಿಗುವ ಲಾಭ ಹೆಚ್ಚುಕಡಿಮೆ ಒಂದೇ.

ಆರರಲ್ಲಿ ಮೂರು ಅಂಶಗಳು ಲೇಖಕರ ಸಾಲಿನಲ್ಲಿ ನೀವು ಎಲ್ಲಿದ್ದೀರಿ ಎಂಬುದನ್ನೇ ನೋಡುತ್ತವೆ. ಜೀವವಿಜ್ಞಾನದಲ್ಲಿ ಇದು ನ್ಯಾಯ, ಅಲ್ಲಿ ಕೆಲಸ ಮಾಡಿದವರು ಮೊದಲು, ಮಾರ್ಗದರ್ಶಕರು ಕೊನೆಗೆ. ಗಣಿತ ಮತ್ತು ಅರ್ಥಶಾಸ್ತ್ರದಲ್ಲಿ ಹೆಸರುಗಳನ್ನು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಬರೆಯುವ ರೂಢಿಯಿದೆ. ಅಲ್ಲಿ ಹೆಸರು ನಡುವೆ ಬರುವ ಅಕ್ಷರದಿಂದ ಆರಂಭವಾದವರಿಗೆ ಮಾಡದ ತಪ್ಪಿಗೆ ದಂಡ.

ಕಡತದಲ್ಲಿ ತಪ್ಪದೆ ನೋಡಬೇಕಾದ ಅಂಕಣಗಳು ಇವು. ‘ಎನ್‌ಎಸ್’ ಎಂದು ಗುರುತಿಸಿದವು ಸ್ವಯಂ ಉಲ್ಲೇಖ ಬಿಟ್ಟು ಮಾಡಿದ ಲೆಕ್ಕ, ಹೋಲಿಕೆಗೆ ಅವನ್ನೇ ಬಳಸಿ. ಸ್ವಯಂ ಉಲ್ಲೇಖದ ಶೇಕಡಾವಾರು ಪ್ರತ್ಯೇಕವಾಗಿದೆ. ಉಪಕ್ಷೇತ್ರ ಮತ್ತು ಅದರೊಳಗಿನ ಸ್ಥಾನವೂ ಇದೆ. ಒಟ್ಟು 22 ಕ್ಷೇತ್ರಗಳು, 174 ಉಪಕ್ಷೇತ್ರಗಳು. ಒಟ್ಟಾರೆ ಮೊದಲ ಒಂದು ಲಕ್ಷದಲ್ಲಿದ್ದವರೂ ಉಪಕ್ಷೇತ್ರದ ಶೇ. 2ರೊಳಗೆ ಇದ್ದವರೂ ಪಟ್ಟಿ ಸೇರುತ್ತಾರೆ, ಆದ್ದರಿಂದ ಜಾಗತಿಕ ಸ್ಥಾನ ಮೂರು ಲಕ್ಷ ಎಂದಿದ್ದರೂ ಗಾಬರಿಯಾಗಬೇಡಿ, ಉಪಕ್ಷೇತ್ರದ ಸ್ಥಾನ ನೋಡಿ. 2024ರಿಂದ ಹಿಂಪಡೆದ ಪ್ರಬಂಧಗಳ ಸಂಖ್ಯೆಯೂ ಸೇರಿದೆ. ದೋಷ ಅಥವಾ ವಂಚನೆ ಪತ್ತೆಯಾಗಿ ಜರ್ನಲ್ ರದ್ದುಪಡಿಸಿದ ಪ್ರಬಂಧಗಳು ಅವು.

ಇದನ್ನು ಕ್ಲಾರಿವೇಟ್ ಪ್ರತಿ ನವೆಂಬರ್‌ನಲ್ಲಿ ಬಿಡುಗಡೆ ಮಾಡುವ ‘ಹೈಲಿ ಸೈಟೆಡ್ ರಿಸರ್ಚರ್ಸ್’ ಪಟ್ಟಿಯೊಂದಿಗೆ ಬೆರೆಸಬೇಡಿ. ಅದು ಬಹಳ ಕಿರಿದು, ಸುಮಾರು 7,000 ಜನರದು. ತಮ್ಮ ಕ್ಷೇತ್ರ ಮತ್ತು ವರ್ಷದ ಅಗ್ರ ಶೇ. 1ರಲ್ಲಿ ಬರುವ ಪ್ರಬಂಧಗಳನ್ನು ಹಲವು ಬಾರಿ ಬರೆದವರು ಅಲ್ಲಿರುತ್ತಾರೆ. ಉಲ್ಲೇಖಗಳನ್ನು ಅಕ್ರಮವಾಗಿ ಹೆಚ್ಚಿಸಿಕೊಂಡ ಸುಳಿವು ಸಿಕ್ಕವರನ್ನು ಕೈಬಿಡುವ ಪರಿಪಾಠವೂ ಅಲ್ಲಿದೆ: 2024ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹಾಗೆ ಹೊರಗಿಡಲಾಯಿತು. ಅದೇ ಕಂಪನಿ 2023 ಮತ್ತು 2024ರಲ್ಲಿ ಗಣಿತವನ್ನು ಪಟ್ಟಿಯಿಂದಲೇ ಕೈಬಿಟ್ಟಿತ್ತು. ಚಿಕ್ಕ ಕ್ಷೇತ್ರದಲ್ಲಿ ಕೆಲವರು ಕೂಡಿಕೊಂಡರೂ ಲೆಕ್ಕ ತಪ್ಪುತ್ತದೆ ಎಂಬುದು ಕಾರಣ.

7. ಈ ಬಲೆಗಳಿಂದ ದೂರವಿರಿ

ಹಣ ಕೇಳುವ ಯಾವ ಶ್ರೇಯಾಂಕಕ್ಕೂ ಹೆಸರು ಕೊಡಬೇಡಿ. ಪ್ರಮಾಣಪತ್ರಕ್ಕೆ ಇಷ್ಟು, ಫಲಕಕ್ಕೆ ಇಷ್ಟು ಎಂದು ಬರುವ ಇಮೇಲನ್ನು ಅಳಿಸಿಬಿಡಿ.

ಉಲ್ಲೇಖ ಮಾರುವವರು ಇದ್ದಾರೆ. ಪ್ರಬಂಧದಲ್ಲಿ ಲೇಖಕರ ಸ್ಥಾನ ಮಾರುವವರೂ ಇದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ‘ನಿಮ್ಮದನ್ನು ನಾವು ಉಲ್ಲೇಖಿಸುತ್ತೇವೆ, ನಮ್ಮದನ್ನು ನೀವು ಉಲ್ಲೇಖಿಸಿ’ ಎಂಬ ಗುಂಪುಗಳಿಗೆ ಸೇರಿಸಿದರೆ ಅಂದೇ ಹೊರಬನ್ನಿ. ಇಂಥ ಕೊಡುಕೊಳ್ಳುವಿಕೆ ದತ್ತಸಂಚಯದಲ್ಲಿ ಸ್ಪಷ್ಟ ಆಕೃತಿಯಾಗಿ ಕಾಣುತ್ತದೆ, ವರ್ಷಗಳ ನಂತರವೂ ಪತ್ತೆ ಹಚ್ಚಬಹುದು. ಜರ್ನಲಿನ ಪರವಾಗಿ ನಿಮ್ಮ ಪ್ರಬಂಧವನ್ನು ಪರಿಶೀಲಿಸುವ ವಿಮರ್ಶಕರೊಬ್ಬರು ತಮ್ಮದೇ ಹತ್ತು ಪ್ರಬಂಧಗಳನ್ನು ಸೇರಿಸಿ ಎಂದು ಒತ್ತಾಯಿಸಿದರೆ ಸಂಬಂಧಪಟ್ಟದ್ದನ್ನು ಮಾತ್ರ ಸೇರಿಸಿ, ಉಳಿದದ್ದು ಏಕೆ ಬೇಡ ಎಂದು ಸಂಪಾದಕರಿಗೆ ವಿನಯದಿಂದ ಬರೆಯಿರಿ. ಕಿರಿಯ ಸಂಶೋಧಕರಿಗೆ ಇದು ಹೆದರಿಕೆಯ ಕೆಲಸ ಎಂದು ನನಗೆ ಗೊತ್ತು. ಮಾರ್ಗದರ್ಶಕರಾದವರು ಅವರ ಬೆನ್ನಿಗೆ ನಿಲ್ಲಬೇಕು.

ಸ್ವಯಂ ಉಲ್ಲೇಖವೆಲ್ಲ ಪಾಪವಲ್ಲ. ಹಿಂದಿನ ಕೆಲಸದ ಮೇಲೆ ಕಟ್ಟುವಾಗ ಅದನ್ನು ಹೆಸರಿಸಲೇಬೇಕು. ಸಂಬಂಧವಿಲ್ಲದ ಕಡೆ ತುರುಕುವುದು ತಪ್ಪು.

ಒಪ್ಪಿತ ಜರ್ನಲುಗಳನ್ನು ಹೆಸರಿಸುತ್ತಿದ್ದ ಯುಜಿಸಿಯ ಕೇರ್ ಪಟ್ಟಿ 2025ರಲ್ಲಿ ನಿಂತಿದೆ. ಯಾವುದಾದರೂ ಜರ್ನಲ್ ಇನ್ನೂ ಅದರ ಹೆಸರು ಹೇಳಿ ಪ್ರಬಂಧ ಕೇಳುತ್ತಿದ್ದರೆ ಎರಡು ಬಾರಿ ಯೋಚಿಸಿ.

8. ಅರ್ಜಿಯಲ್ಲಿ ಹೀಗೆ ಬರೆಯಿರಿ

ಎಲ್ಲಕ್ಕಿಂತ ದೊಡ್ಡ ಅಂಕಿಯನ್ನು ಹೆಕ್ಕಿ ಬರಿಯದಾಗಿ ಬರೆಯಬೇಡಿ. ಮೂಲ, ದಿನಾಂಕ ಮತ್ತು ಆರಂಭದ ವರ್ಷ ಕೊಡಿ. ಮಾದರಿ ಇದು:

‘ಸ್ಕೋಪಸ್ ಪ್ರಕಾರ, 10 ಡಿಸೆಂಬರ್ 2025ರಂದು: ಪ್ರಬಂಧಗಳು 23, ಉಲ್ಲೇಖಗಳು 312, ಎಚ್-ಸೂಚ್ಯಂಕ 8. ಗೂಗಲ್ ಸ್ಕಾಲರ್ ಪ್ರಕಾರ ಅದೇ ದಿನ ಎಚ್-ಸೂಚ್ಯಂಕ 14. ಮೊದಲ ಪ್ರಬಂಧ 2013ರಲ್ಲಿ.’

ಆರಂಭದಲ್ಲಿ ಕೇಳಿದ 8ಕ್ಕೂ 14ಕ್ಕೂ ಜಗಳವಿಲ್ಲ, ಎರಡೂ ತಮ್ಮ ತಮ್ಮ ಭಂಡಾರದ ಮಟ್ಟಿಗೆ ಸರಿ. ಅರ್ಜಿ ನಮೂನೆ ಒಂದನ್ನೇ ಕೇಳಿ ಮೂಲ ಹೇಳದಿದ್ದರೆ ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ನದನ್ನು ಕೊಟ್ಟು ಮೂಲವನ್ನು ನೀವೇ ನಮೂದಿಸಿ. ಮಾನವಿಕ ವಿಷಯದವರು ಪುಸ್ತಕಗಳನ್ನೂ ಕನ್ನಡದ ಪ್ರಬಂಧಗಳನ್ನೂ ಪ್ರತ್ಯೇಕ ಪಟ್ಟಿಯಾಗಿ ಲಗತ್ತಿಸಿ, ಇವು ದತ್ತಸಂಚಯಗಳಲ್ಲಿ ಎಣಿಕೆಯಾಗುವುದಿಲ್ಲ ಎಂದು ಒಂದು ವಾಕ್ಯದಲ್ಲಿ ತಿಳಿಸಿ.

ಕೊನೆಗೆ ನಿಮ್ಮ ಅತ್ಯುತ್ತಮ ಮೂರು ಪ್ರಬಂಧಗಳನ್ನು ಆರಿಸಿ, ಒಂದೊಂದಕ್ಕೂ ಎರಡೆರಡು ಸಾಲು ಬರೆಯಿರಿ: ಏನು ಕಂಡುಕೊಂಡಿರಿ, ಅದರಲ್ಲಿ ನಿಮ್ಮ ಪಾಲು ಏನು. ಸಮಿತಿಯವರು ಕೇಳದಿದ್ದರೂ ಬರೆಯಿರಿ. ಸಂಶೋಧಕರನ್ನು ಜರ್ನಲಿನ ಅಂಕಿಯಿಂದ ಅಳೆಯಬಾರದು, ಕೆಲಸವನ್ನೇ ಓದಬೇಕು ಎಂದು ಹೇಳುವ 2013ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆಗೂ ಅಂಕಿಗಳ ಜವಾಬ್ದಾರಿಯುತ ಬಳಕೆಗೆ ಹತ್ತು ಸೂತ್ರ ಕೊಟ್ಟ 2015ರ ಲೈಡನ್ ಪ್ರಣಾಳಿಕೆಗೂ ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಮನ್ನಣೆಯಿದೆ. ಸಂದರ್ಶನದಲ್ಲಿ ಅಂಕಿಯ ಬಗ್ಗೆ ಪ್ರಶ್ನೆ ಬಂದರೆ ಈ ಎರಡನ್ನೂ ಹೆಸರಿಸಿ ಉತ್ತರಿಸಬಹುದು. ಅಂಕಿಗಳನ್ನು ಮಾತ್ರ ಅರ್ಜಿ ಸಲ್ಲಿಸುವ ಹಿಂದಿನ ದಿನ ಇನ್ನೊಮ್ಮೆ ತೆರೆದು ನೋಡಿ, ಪರದೆಯ ಚಿತ್ರವೊಂದನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ.